ಹೊಟ್ಟೆಯ ಆಪರೇಷನ್‌ಗೆ ಎದೆಯ ಪರೀಕ್ಷೆ ಏಕೆ?

ಪ್ರಶ್ನೆ: ತಾಯಿಗೆ 64 ವರ್ಷ, ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್‌ಗೆಂದು ಹಾಸನಕ್ಕೆ ಹೋದರೆ ಅರಿವಳಿಕೆ ವೈದ್ಯರು ಮೆಷಿನ್ ಊದಿಸಿ, ಪಂಪ್ ಬರೆದುಕೊಟ್ಟು, ಆರು ವಾರ ಬಿಟ್ಟು ಬನ್ನಿ ಎಂದರು. ಈಚೆಗೆ ಕಫ, ಜ್ವರ ಬಂದಿದ್ದು ನಿಜ. ಆದರೆ ಅಮ್ಮ ಬೀಡಿ ಸೇದಿದವರಲ್ಲ. ಹೊಟ್ಟೆಯ ಕಾಯಿಲೆಗೆ ಎದೆ ಏಕೆ ನೋಡಬೇಕು?
– ಓದುಗರೊಬ್ಬರು, ಹೆತ್ತೂರು, ಸಕಲೇಶಪುರ ತಾಲ್ಲೂಕು

ಉತ್ತರ: ಬೀಡಿ ಮುಟ್ಟದಿದ್ದರೂ ನಿಮ್ಮ ತಾಯಿ ಹೊಗೆ ಕುಡಿದೇ ಇರುತ್ತಾರೆ. ಸಕಲೇಶಪುರ, ಆಲೂರಿನ ಮಳೆಗಾಲದಲ್ಲಿ ಅಡುಗೆಯ ಒಲೆ, ಬಚ್ಚಲ ಹಂಡೆಯ ಒಲೆ ಎರಡೂ ಹಸಿ ಸೌದೆಯಲ್ಲೇ ಹೊಗೆಯಾಡುತ್ತವೆ. ಕಿಟಕಿ ತೆರೆದರೆ ಎರಚಲು. ವರ್ಷಗಟ್ಟಲೆ ಆ ಒಲೆ ಊದಿದ ಹೆಂಗಸರಿಗೂ ಬೀಡಿ ಸೇದುವವರಂತೆ ಸಿಒಪಿಡಿ, ಅಂದರೆ ಶ್ವಾಸನಾಳ ಬಿಗಿಯುವ ದೀರ್ಘಕಾಲದ ಕಾಯಿಲೆ, ಬರುತ್ತದೆ. ‘ಸೇದುತ್ತೀರಾ?’ ಎಂದಷ್ಟೇ ಕೇಳಿದರೆ ಇದು ತಪ್ಪಿಹೋಗುತ್ತದೆ. ಒಲೆಯ ಸಂಗತಿಯನ್ನು, ಹಿಂದೆ ಟಿಬಿ ಆಗಿದ್ದರೆ ಅದನ್ನೂ, ನೀವಾಗಿಯೇ ಹೇಳಿ.

ಪಿತ್ತಕೋಶದ ಮೇಲೆ ಯಕೃತ್ತು, ಅದರ ಮೇಲೆ ಎದೆ, ಹೊಟ್ಟೆಗಳ ನಡುವಿನ ಸ್ನಾಯುಪೊರೆಯಾದ ವಪೆ. ಉಸಿರಾಟದ ಹೆಚ್ಚಿನ ಕೆಲಸ ಈ ವಪೆಯದೇ. ಆಪರೇಷನ್ ಆದ ಮೇಲೆ ಕೆಲವು ದಿನ ಅದು ಸರಿಯಾಗಿ ಇಳಿಯುವುದಿಲ್ಲ. ನೋವಿಗೆ ರೋಗಿ ಕೆಮ್ಮಲೂ ಹೆದರುತ್ತಾರೆ. ಶ್ವಾಸಕೋಶದ ತಳ ಮುದುಡಿ, ಕಫ ಕಟ್ಟಿ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಲ್ಯಾಪ್ರೊಸ್ಕೋಪಿಯಲ್ಲಿ ಈ ಅಪಾಯ ಕಡಿಮೆ, ಇಲ್ಲವೆಂದಲ್ಲ.

ಇನ್ನು ಮೆಷಿನ್ ಪರೀಕ್ಷೆ: ಊದಿದ ಗಾಳಿಯಲ್ಲಿ ಶೇ. 70ಕ್ಕಿಂತ ಕಡಿಮೆ ಮೊದಲ ಸೆಕೆಂಡಿನಲ್ಲಿ ಹೊರಬಂದರೆ ಶ್ವಾಸನಾಳ ಬಿಗಿದಿದೆ ಎಂದರ್ಥ. ಆ ಸಂಖ್ಯೆಯೊಂದನ್ನೇ ನೋಡಿ ಆಪರೇಷನ್ ಬೇಡವೆನ್ನುವುದು ಸರಿಯಲ್ಲ. 2010ರಲ್ಲಿ ಸ್ಪೇನಿನ ವೈದ್ಯರು ಪ್ರಕಟಿಸಿದ ‘ಅರಿಸ್ಕ್ಯಾಟ್’ ಎಂಬ, ಆಪರೇಷನ್ ನಂತರ ಶ್ವಾಸಕೋಶಕ್ಕಿರುವ ಅಪಾಯದ ಅಳತೆಯಲ್ಲಿ ಊದುವ ಪರೀಕ್ಷೆಯೇ ಇಲ್ಲ. ವಯಸ್ಸು, ರಕ್ತದ ಆಮ್ಲಜನಕ, ಹಿಮೋಗ್ಲೋಬಿನ್ 10ಕ್ಕೆ ಇಳಿದಿದೆಯೇ, ಕಳೆದ ಒಂದು ತಿಂಗಳಲ್ಲಿ ಎದೆಯ ಸೋಂಕು ಆಗಿತ್ತೇ, ಕೊಯ್ಯುವುದು ಎಲ್ಲಿ, ಎಷ್ಟು ಹೊತ್ತು, ತುರ್ತೇ – ಇವನ್ನು ಅದು ಕೇಳುತ್ತದೆ. ನನ್ನ ಮಟ್ಟಿಗೆ ಇನ್ನೊಂದು ಪ್ರಶ್ನೆಗೂ ಅಷ್ಟೇ ಬೆಲೆ: ಗದ್ದೆಯಿಂದ ಮನೆಯವರೆಗಿನ ಏರನ್ನು ಅಮ್ಮ ನಿಲ್ಲದೆ ಹತ್ತುತ್ತಾರೆಯೇ? ಹೋದ ವರ್ಷ ಹತ್ತುತ್ತಿದ್ದವರು ಈಗ ನಡುವೆ ಕೂರುತ್ತಿದ್ದರೆ ವೈದ್ಯರಿಗೆ ಅದು ಗೊತ್ತಾಗಲೇಬೇಕು.

ಸೋಂಕಿನಿಂದ ಕೆರಳಿದ ಶ್ವಾಸನಾಳ ತಣಿಯಲು ವಾರಗಳೇ ಬೇಕು. ಈ ಆರು ವಾರವೂ ಚಿಕಿತ್ಸೆಯೇ. ಪಂಪ್ ದಿನವೂ ತಪ್ಪದಿರಲಿ, ಆಪರೇಷನ್ ದಿನ ಬೆಳಿಗ್ಗೆ ಕೂಡ. ಮೂರು ಚೆಂಡಿನ ಉಸಿರಾಟದ ಸಾಧನವನ್ನು ಈಗಲೇ ರೂಢಿ ಮಾಡಿಸಿ. ನೋವಿನಲ್ಲಿ ಹೊಸದಾಗಿ ಕಲಿಯುವುದು ಕಷ್ಟ. ಹಂಡೆಗೆ ಉರಿ ಹಾಕುವುದನ್ನು ಬೇರೆಯವರು ನೋಡಿಕೊಳ್ಳಲಿ.

ಈ ನಡುವೆ ಚಳಿಜ್ವರ, ಕಣ್ಣು ಹಳದಿಯಾಗುವುದು, ಬಿಡದ ಹೊಟ್ಟೆನೋವು ಕಂಡರೆ ಆರು ವಾರ ಕಾಯಬೇಡಿ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.