ಬೈಕಿನ ಟ್ಯಾಂಕಿಗೂ ಉಸಿರಾಟ ಬೇಕು

ಇನ್ನೂ ಹಳೇ ಕಾರ್ಬ್ಯುರೇಟರ್ ಬೈಕನ್ನೇ ಓಡಿಸುವ ಕೃಷಿಕರು ನಮ್ಮಲ್ಲಿ ಹಲವರು. ನಾನೂ ಒಬ್ಬ. ಈ ಬೈಕುಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲ್ ಪಂಪೇ ಇಲ್ಲ. ಟ್ಯಾಂಕ್ ಮೇಲೆ, ಕಾರ್ಬ್ಯುರೇಟರ್ ಕೆಳಗೆ. ಸುರಂಗದ ನೀರು ದಂಬೆಯಲ್ಲಿ ಅಂಗಳಕ್ಕೆ ಬಂದಂತೆ ಪೆಟ್ರೋಲ್ ತನ್ನ ಭಾರದಿಂದಲೇ ಇಳಿಯುತ್ತದೆ.

ಇಳಿದಷ್ಟು ಜಾಗಕ್ಕೆ ಗಾಳಿ ಬರಬೇಕಲ್ಲ? ಅದಕ್ಕಾಗಿ ಮುಚ್ಚಳದಲ್ಲೊಂದು ಸಣ್ಣ ತೂತು. ಅದು ಕಟ್ಟಿತೋ, ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಲಕ್ಷಣ ಸ್ಪಷ್ಟ. ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ, ಪೆಟ್ರೋಲ್ ಮುಗಿದಂತೆ ಮುಗ್ಗರಿಸಿ ನಿಲ್ಲುವುದು. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್!

ನೆರೆಯವರೊಬ್ಬರ ಬೈಕ್ ಹಾಲು ಒಯ್ಯುವಾಗ ದಿನಾ ಏರಿನಲ್ಲಿ ನಿಲ್ಲುತ್ತಿತ್ತು. ಗ್ಯಾರೇಜಿನಲ್ಲಿ ಎರಡು ಸಲ ಕಾರ್ಬ್ಯುರೇಟರ್ ತೊಳೆದು, ಪ್ಲಗ್ ಬದಲಿಸಿದ್ದೂ ಆಯಿತು. ‘ನಿಂತ ಕೂಡಲೇ ಮುಚ್ಚಳ ತೆಗೆದು ನೋಡಿ’ ಎಂದೆ. ಮರುದಿನ ತೆಗೆದಾಗ ಸುಸ್ ಎಂದು ಗಾಳಿ ಒಳಗೆಳೆದುಕೊಂಡಿತಂತೆ. ತೂತಿನ ತುಂಬ ಕೆಂಪು ಮಣ್ಣು ಮತ್ತು ತುಕ್ಕು. ತಾಮ್ರದ ಎಳೆಯಿಂದ ಬಿಡಿಸಿದೆವು. ಖರ್ಚು ಸೊನ್ನೆ.

ಸಂಶಯವಿದ್ದರೆ ಎಂಜಿನ್ ತಣಿದ ಮೇಲೆ ಕಾರ್ಬ್ಯುರೇಟರಿಗೆ ಹೋಗುವ ಟ್ಯೂಬ್ ಕಳಚಿ, ಬಾಟಲಿಗೆ ಹಿಡಿದು ನಲ್ಲಿ ತಿರುಗಿಸಿ. ಮೊದಲು ಧಾರೆಯಾಗಿ ಬಂದು ಆಮೇಲೆ ಸಣ್ಣಗಾಯಿತೇ? ಮುಚ್ಚಳ ತೆರೆಯಿರಿ. ಧಾರೆ ಸರಿಯಾದರೆ ದೋಷ ತೂತಿನದ್ದು. ಆಗಲೂ ಸಣ್ಣಗೇ ಇದ್ದರೆ ನಲ್ಲಿಯ ಜಾಲರಿ ಕಟ್ಟಿದೆ. (ಕೆಲವು ಗಾಡಿಗಳ ನಲ್ಲಿ ಎಂಜಿನ್ ಎಳೆತದಿಂದಲೇ ತೆರೆಯುವಂಥದ್ದು. ಅವಕ್ಕೆ ಈ ಪರೀಕ್ಷೆ ನಡೆಯದು.)

ಕಳೆ ಕತ್ತರಿಸುವ ಯಂತ್ರವನ್ನು ಓರೆ ಹಿಡಿಯಬೇಕಾದ್ದರಿಂದ ಭಾರವನ್ನು ನಂಬಿದರಾಗದು. ಅದರ ಕಾರ್ಬ್ಯುರೇಟರಿನಲ್ಲೇ ತೆಳು ಪೊರೆಯ ಪಂಪ್ ಇದೆ. ಎಂಜಿನ್ನಿನೊಳಗಿನ ಗಾಳಿಯ ಮಿಡಿತ ಅದನ್ನು ಆಡಿಸುತ್ತದೆ. ಅದರ ಟ್ಯಾಂಕಿಗೂ ಗಾಳಿದಾರಿ ಉಂಟು, ಕಟ್ಟಿದರೆ ಇದೇ ಹಣೆಬರಹ.

ಬಿಸಿಲಿಗೆ ನಿಲ್ಲಿಸಿದ ಹಳೇ ಬೈಕಿನ ಪೆಟ್ರೋಲ್ ಆವಿಯಾಗಿ ಹೊರಹೋಗುವುದೂ ಇದೇ ತೂತಿನಿಂದ. 2017ರ ಏಪ್ರಿಲಿನಿಂದ ಬಿಎಸ್-4 ನಿಯಮ ಎಲ್ಲ ಹೊಸ ದ್ವಿಚಕ್ರಗಳಿಗೂ ಬಂದಾಗ ಈ ಆವಿಗೂ ಮಿತಿ ಬಂತು. ಈಗಿನ ಬೈಕುಗಳಲ್ಲಿ ಆವಿ ಕೊಳವೆಯಲ್ಲಿ ಸಾಗಿ, ಕ್ರಿಯಾಶೀಲ ಇದ್ದಿಲು ತುಂಬಿದ ಡಬ್ಬಿ ಸೇರುತ್ತದೆ. ಎಂಜಿನ್ ಓಡುವಾಗ ಅದನ್ನು ಎಳೆದುಕೊಂಡು ಉರಿಸುತ್ತದೆ. (ನಮ್ಮ ಗೆರಟೆಯಿಂದಲೂ ಅಂಥ ಇದ್ದಿಲು ಮಾಡುತ್ತಾರೆ, ನೀರು ಸೋಸಲು.) ಇಂಥ ಬೈಕಿಗೆ ಕಂಠಮಟ್ಟ ಪೆಟ್ರೋಲ್ ತುಂಬಿಸಬೇಡಿ. ದ್ರವ ಪೆಟ್ರೋಲ್ ಡಬ್ಬಿಗೆ ನುಗ್ಗಿದರೆ ಇದ್ದಿಲು ಕೆಟ್ಟಿತು. ‘ಬೇಡದ ಟ್ಯೂಬ್’ ಎಂದು ಕಿತ್ತು ಹಾಕುವವರೂ ಇದ್ದಾರೆ, ಅದು ಸರಿಯಲ್ಲ.

2020ರ ಬಿಎಸ್-6ರ ನಂತರದ ಹೆಚ್ಚಿನ ಬೈಕುಗಳದ್ದು ಟ್ಯಾಂಕಿನೊಳಗೆ ಮುಳುಗಿರುವ ವಿದ್ಯುತ್ ಪಂಪ್. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುವುದು. ಸದಾ ತಳ ಕಾಣುವಷ್ಟೇ ಪೆಟ್ರೋಲಿನಲ್ಲಿ ಓಡಿಸಿದರೆ ಪಂಪಿನ ಆಯುಷ್ಯ ಕಡಿಮೆ. ಮನೆಯಲ್ಲಿ ಬಿಚ್ಚುವ ಸಾಮಾನು ಅಲ್ಲ ಅದು.

ಪೆಟ್ರೋಲಿಗೆ ಸೇರಿಸುವ ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನೂ ಕೆಡಿಸೀತು. ಮಳೆಗಾಲದ ಮೊದಲು ಟ್ಯೂಬ್ ಬಗ್ಗಿಸಿ ನೋಡಿ, ಬಿರುಕಿದ್ದರೆ ಬದಲಿಸಿ. ಇನ್ನು, ಬಚ್ಚಲ ಹಂಡೆಯ ಒಲೆ ಪಕ್ಕದ ಚಾವಡಿಯಲ್ಲಿ ಬೈಕ್ ನಿಲ್ಲಿಸುವ ಮನೆಗಳು ಸುಮಾರಿವೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೇರದೆ ನೆಲ ಹಿಡಿದೇ ಹರಿಯುತ್ತದೆ, ಒಲೆಯ ಬಾಯಿ ಇರುವುದೂ ನೆಲದಲ್ಲೇ. ನಮ್ಮ ಬೈಕ್ ಈಗ ಹಟ್ಟಿಯಾಚೆಯ ಸೋಗೆ ಮಾಡಿನಡಿ ನಿಲ್ಲುತ್ತದೆ.