ಮನೆಯನ್ನರಸಿ ಹೊರಟ ಮೂಮಿನ್‌ಗಳು

ಕಥಾಲೋಕದಲ್ಲಿ ವನವಾಸವು ಹೊಸ ಸಂಗತಿಯಲ್ಲ. ಶ್ರೀರಾಮನು ಅಯೋಧ್ಯೆಯನ್ನು ತೊರೆದು ಕಾಡಿಗೆ ತೆರಳಿದನು. ಪಾಂಡವರು ವನವಾಸವನ್ನೂ ಅಜ್ಞಾತವಾಸವನ್ನೂ ಕಳೆದು, ಕೊನೆಗೆ ಮಹಾಯುದ್ಧವನ್ನು ಎದುರಿಸಿದರು. ಆದರೆ ಇವರೆಲ್ಲರೂ ವೀರರು, ಶಸ್ತ್ರವಿದ್ಯೆಯನ್ನು ಬಲ್ಲವರು. ಶಸ್ತ್ರವೆಂದರೇನೆಂಬುದನ್ನೇ ಅರಿಯದ ಅಂಜುಕುಳಿ ಜೀವಿಗಳು ಮನೆಯನ್ನು ಕಳೆದುಕೊಂಡರೆ ಅವುಗಳ ಗತಿಯೇನು? ಉತ್ತರ ಯೂರೋಪಿನ ಫಿನ್‌ಲೆಂಡ್ ದೇಶದ ಟೂವೆ ಯಾನ್ಸನ್ ಎಂಬ ಲೇಖಕಿಯು ತನ್ನ ಮಕ್ಕಳ ಕಥೆಗಳಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದಳು.

ಟೂವೆ ಹುಟ್ಟಿದ್ದು ೧೯೧೪ರಲ್ಲಿ, ಹೆಲ್ಸಿಂಕಿ ನಗರದಲ್ಲಿ. ತಂದೆ ಶಿಲ್ಪಿ, ತಾಯಿ ಚಿತ್ರಕಲಾವಿದೆ. ಮನೆಮಾತು ಸ್ವೀಡಿಷ್. ಎಳೆಯ ವಯಸ್ಸಿನಲ್ಲಿಯೇ ಆಕೆ ಗಾರ್ಮ್ ಎಂಬ ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ಬರೆಯತೊಡಗಿದಳು. ೧೯೩೮ರಲ್ಲಿ ಬರೆದ ಒಂದು ಚಿತ್ರದಲ್ಲಿ, ಪರರಾಜ್ಯಗಳನ್ನು ಕಬಳಿಸಲು ಹೊರಟಿದ್ದ ಹಿಟ್ಲರನನ್ನು ತಿಂಡಿಗಾಗಿ ಹಟಹಿಡಿದು ಅಳುವ ಮಗುವಿನಂತೆ ಚಿತ್ರಿಸಿ ನಗೆಗೀಡುಮಾಡಿದಳು.

ಆದರೆ ನಗುವ ಕಾಲ ಬಹಳ ದಿನ ಉಳಿಯಲಿಲ್ಲ. ೧೯೩೯ರ ನವೆಂಬರ್ ೩೦ರಂದು ಸೋವಿಯತ್ ಸೇನೆಯು ಫಿನ್‌ಲೆಂಡಿನ ಮೇಲೆ ದಂಡೆತ್ತಿ ಬಂದಿತು. ೧೯೪೦ರ ಮಾರ್ಚ್‌ನಲ್ಲಿ ಶಾಂತಿ ಒಪ್ಪಂದವಾದಾಗ ಕರೇಲಿಯಾ ಪ್ರಾಂತದ ಬಹುಭಾಗವು ಕೈಬಿಟ್ಟುಹೋಯಿತು. ಸುಮಾರು ೪ ಲಕ್ಷ ಜನರು ಹುಟ್ಟಿದೂರನ್ನು ತೊರೆದು ನಡೆದರು. ಮುಂದೆ ಅವರಲ್ಲಿ ಬಹುಮಂದಿ ಹಿಂದಿರುಗಿದರೂ, ೧೯೪೪ರಲ್ಲಿ ಮತ್ತೊಮ್ಮೆ ಮನೆಗಳನ್ನು ಬಿಟ್ಟು ಹೊರಡಬೇಕಾಯಿತು. ಯುದ್ಧದ ವರ್ಷಗಳಲ್ಲಿ ಸುಮಾರು ೭೦,೦೦೦ ಮಕ್ಕಳನ್ನು ತಾಯ್ತಂದೆಗಳು ರಕ್ಷಣೆಗಾಗಿ ಸ್ವೀಡನ್ ಮೊದಲಾದ ನೆರೆದೇಶಗಳಿಗೆ ಕಳುಹಿಸಿಕೊಟ್ಟರು. ಟೂವೆಯ ತಮ್ಮನೊಬ್ಬನು ರಣರಂಗದಲ್ಲಿದ್ದನು. ಅವಳಿದ್ದ ನಗರದ ಮೇಲೆಯೇ ಬಾಂಬುಗಳು ಬಿದ್ದವು.

ಮೊದಲ ಯುದ್ಧದ ಚಳಿಗಾಲದಲ್ಲಿ ಟೂವೆಗೆ ಚಿತ್ರ ಬರೆಯುವುದೇ ವ್ಯರ್ಥವೆನಿಸಿತು. ಕುಂಚವನ್ನು ಬದಿಗಿಟ್ಟು ಒಂದು ಕಥೆಯನ್ನು ಬರೆಯಲು ತೊಡಗಿದಳು. ಅದರಲ್ಲಿ ರಾಜಕುಮಾರರಿಲ್ಲ, ರಾಜಕುಮಾರಿಯರೂ ಇಲ್ಲ. ದುಂಡುಮೂತಿಯ ಮೂಮಿನ್ ಎಂಬ ಕಲ್ಪನೆಯ ಜೀವಿಗಳೇ ಅದರ ಪಾತ್ರಗಳು. ನಡುವೆ ನಿಂತುಹೋದ ಆ ಕಥೆಯು ಪುಸ್ತಕವಾಗಿ ಪ್ರಕಟವಾದದ್ದು ೧೯೪೫ರಲ್ಲಿ.

ಹಿಂದೆ ಮೂಮಿನ್‌ಗಳ ಪೂರ್ವಿಕರು ಮನುಷ್ಯರ ಮನೆಗಳಲ್ಲಿ, ಚಳಿ ಕಾಯಿಸುವ ದೊಡ್ಡ ಒಲೆಗಳ ಹಿಂದೆ ಬೆಚ್ಚಗೆ ವಾಸವಾಗಿದ್ದರಂತೆ. ಕಾಲ ಬದಲಾಯಿತು, ಒಲೆಗಳು ಹೋದವು, ಆ ನೆಲೆಯೂ ತಪ್ಪಿತು. ಕಥೆ ಆರಂಭವಾಗುವಾಗ ತಾಯಿ ಮತ್ತು ಮಗ ಕತ್ತಲು ಕವಿದ ಕಾಡಿನಲ್ಲಿ ನಡೆಯುತ್ತಿದ್ದಾರೆ. ತಂದೆಯು ಅಲೆಮಾರಿ ಜೀವಿಗಳ ಜೊತೆ ಹೋದವನು ಹಿಂದಿರುಗಿಲ್ಲ. ಚಳಿಗಾಲ ಬರುವುದರೊಳಗೆ ಎಲ್ಲಿಯಾದರೂ ಸೂರು ಕಟ್ಟಿಕೊಳ್ಳಬೇಕು. ದಾರಿಯಲ್ಲಿ ಸಿಕ್ಕ ಅನಾಥ ಜೀವಿಯೊಂದನ್ನು ತಾಯಿಯು ಜೊತೆಗೆ ಸೇರಿಸಿಕೊಳ್ಳುತ್ತಾಳೆ. ಮಹಾಪ್ರವಾಹ ಬಂದಾಗ, ಕಳೆದುಹೋಗಿದ್ದ ಕನ್ನಡಕವನ್ನು ಹುಡುಕಿಕೊಟ್ಟ ಉಪಕಾರಕ್ಕಾಗಿ ಮುದಿ ಕೊಕ್ಕರೆಯೊಂದು ಅವರನ್ನು ಬೆನ್ನಮೇಲೆ ಹೊತ್ತು ಹಾರುತ್ತದೆ. ಮರವೇರಿ ಕುಳಿತಿದ್ದ ತಂದೆಯು ಸಿಕ್ಕುತ್ತಾನೆ. ಅವನು ಕಟ್ಟಿದ್ದ ಮನೆಯನ್ನು ಪ್ರವಾಹವೇ ಸುಂದರವಾದ ಕಣಿವೆಯೊಂದಕ್ಕೆ ತೇಲಿಸಿಕೊಂಡು ಹೋಗಿರುತ್ತದೆ.

೧೯೪೬ರಲ್ಲಿ ಬಂದ ಎರಡನೆಯ ಕಥೆಯಲ್ಲಿ ಆ ಕಣಿವೆಗೂ ವಿಪತ್ತು ಒದಗುತ್ತದೆ. ಧೂಮಕೇತುವೊಂದು ಭೂಮಿಯತ್ತ ಧಾವಿಸುತ್ತದೆ, ಆಕಾಶ ಕೆಂಪಾಗುತ್ತದೆ, ಕಡಲು ಬತ್ತುತ್ತದೆ, ಜೀವಿಗಳು ಗಂಟುಮೂಟೆ ಕಟ್ಟಿಕೊಂಡು ಓಡುತ್ತವೆ. ಬಾಂಬುದಾಳಿಯ ರಾತ್ರಿಗಳನ್ನು ಕಂಡ ಓದುಗರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಥ ಹೊತ್ತಿನಲ್ಲಿಯೂ ಮೂಮಿನ್ ತಾಯಿಯು ಮಗನಿಗಾಗಿ ಕೇಕು ಮಾಡುತ್ತಾಳೆ. ಎಲ್ಲರೂ ಗುಹೆಯೊಂದರಲ್ಲಿ ಆಶ್ರಯ ಪಡೆಯುತ್ತಾರೆ. ಧೂಮಕೇತು ಹಾದುಹೋಗುತ್ತದೆ, ಕಡಲು ಮರಳಿ ತುಂಬುತ್ತದೆ.

ಈ ಕಥೆಗಳಲ್ಲಿ ಶತ್ರುಸಂಹಾರವಿಲ್ಲ. ಪ್ರವಾಹವನ್ನಾಗಲಿ ಧೂಮಕೇತುವನ್ನಾಗಲಿ ಯಾರೂ ಜಯಿಸುವುದಿಲ್ಲ. ಮೂಮಿನ್‌ಗಳು ಮಾಡುವುದು ಇಷ್ಟೇ: ಒಬ್ಬರ ಕೈಯನ್ನೊಬ್ಬರು ಬಿಡುವುದಿಲ್ಲ, ಇದ್ದುದನ್ನು ಹಂಚಿಕೊಂಡು ಉಣ್ಣುತ್ತಾರೆ, ಬಂದವರಿಗೆ ಜಾಗ ಮಾಡಿಕೊಡುತ್ತಾರೆ. ಮುಂದಿನ ಕಥೆಗಳಲ್ಲಿ ಅವರ ಮನೆಗೆ ಎಷ್ಟು ಅತಿಥಿಗಳು ಬಂದರೂ ಮತ್ತೊಂದು ಹಾಸಿಗೆ ಹಾಸಿದರಾಯಿತು, ಮೇಜಿನ ಬಳಿ ಮತ್ತೊಂದು ಕುರ್ಚಿ ಇಟ್ಟರಾಯಿತು. ನೆಲೆ ತಪ್ಪಿದ ದುಃಖವನ್ನು ಉಂಡವರಿಗೇ ಪರರ ಮನೆಯ ಬಾಗಿಲು ತೆರೆದಿರುವುದರ ಬೆಲೆ ಚೆನ್ನಾಗಿ ತಿಳಿದಿರುತ್ತದೆ.

೧೯೬೬ರಲ್ಲಿ ಟೂವೆ ಯಾನ್ಸನ್‌ಗೆ ಮಕ್ಕಳ ಸಾಹಿತ್ಯದ ಅಂತರರಾಷ್ಟ್ರೀಯ ಗೌರವವಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪದಕವು ದೊರೆಯಿತು. ೨೦೦೧ರಲ್ಲಿ ಆಕೆ ತೀರಿಕೊಂಡಳು. ಅವಳ ಕಥೆಗಳು ಅನೇಕ ಭಾಷೆಗಳಲ್ಲಿ ಇಂದಿಗೂ ಓದಲ್ಪಡುತ್ತಿವೆ. ಯುದ್ಧದಿಂದಾಗಿ ಊರು ಬಿಟ್ಟ ಮಕ್ಕಳು ಇಂದಿಗೂ ಜಗತ್ತಿನಲ್ಲಿದ್ದಾರೆ. ಕಥೆಯೊಂದು ಅವರಿಗೆ ಸೂರನ್ನು ಕಟ್ಟಿಕೊಡಲಾರದು. ಆದರೆ ಸೂರುಳ್ಳವರ ಮನಸ್ಸಿನಲ್ಲಿ ಅವರಿಗೊಂದು ಸ್ಥಳವನ್ನು ಮಾಡಿಕೊಡಬಲ್ಲುದು.