ಓಡುವ ಮಕ್ಕಳ ಕಣಕಾಲಿನ ನೋವು

ಪೊಲೀಸ್ ಇಲಾಖೆಯನ್ನೋ ಸೇನೆಯನ್ನೋ ಸೇರಬೇಕೆಂಬ ಹಂಬಲದಿಂದ ಹಳ್ಳಿಯ ಅನೇಕ ತರುಣ ತರುಣಿಯರು ನಸುಕಿನಲ್ಲೆದ್ದು ಊರ ರಸ್ತೆಯಲ್ಲಿ ಓಡುವುದನ್ನು ನೀವು ನೋಡಿರುತ್ತೀರಿ. ನಿಮ್ಮ ಮನೆಯಲ್ಲಿಯೇ ಅಂಥ ಮಗನೋ ಮಗಳೋ, ಮೈದುನನೋ ನಾದಿನಿಯೋ ಇರಬಹುದು. ದೇಹದಾರ್ಢ್ಯ ಪರೀಕ್ಷೆಯ ದಿನ ಹತ್ತಿರವಾದಂತೆ ಇವರು ಅವಸರದಿಂದ ಅಭ್ಯಾಸವನ್ನು ಹೆಚ್ಚಿಸುತ್ತಾರೆ. ಕೆಲವು ವಾರಗಳಲ್ಲಿಯೇ ಕಣಕಾಲು ನೋಯತೊಡಗುತ್ತದೆ. ಅದನ್ನು ಲೆಕ್ಕಿಸದೆ ಓಡಿದರೆ ಮೂಳೆ ಬಿರುಕು ಬಿಡಬಹುದು. ವರ್ಷದ ಶ್ರಮವೆಲ್ಲ ವ್ಯರ್ಥವಾಗಬಹುದು. ಮೊದಲ ವಾರದಲ್ಲಿಯೇ ಎಚ್ಚೆತ್ತರೆ ಈ ನಷ್ಟವನ್ನು ತಪ್ಪಿಸಬಹುದು. ಆದಕಾರಣ ಪತಿಪತ್ನಿಯರಿಬ್ಬರೂ ಈ ವಿಷಯವನ್ನು ತಿಳಿದಿರುವುದು ಅಗತ್ಯ.

ನೋವು ಎಲ್ಲಿ ಕಾಣಿಸುತ್ತದೆ?

ಮೊಣಕಾಲಿನಿಂದ ಪಾದದ ಕೀಲಿನವರೆಗಿನ ಭಾಗವೇ ಕಣಕಾಲು. ಇದರ ಮುಂಭಾಗದಲ್ಲಿ ಕೈಗೆ ಸಿಗುವ ಗಟ್ಟಿಯಾದ ಮೂಳೆಯ ಒಳ ಅಂಚಿನಲ್ಲಿ, ಹೆಚ್ಚಾಗಿ ಕೆಳಭಾಗದಲ್ಲಿ, ಈ ನೋವು ಕಾಣಿಸುತ್ತದೆ. ವೈದ್ಯರು ಇದನ್ನು ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ. ಬೆರಳಿನಿಂದ ಒತ್ತಿ ನೋಡಿದರೆ ಒಂದೇ ಬಿಂದುವಿನಲ್ಲಲ್ಲದೆ ನಾಲ್ಕಾರು ಬೆರಳಿನಷ್ಟು ಉದ್ದಕ್ಕೂ ನೋಯುತ್ತದೆ. ಮೊದಮೊದಲು ಓಟದ ಆರಂಭದಲ್ಲಿ ಕಾಣಿಸಿಕೊಂಡು, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಅಲಕ್ಷಿಸಿದರೆ ಓಟದ ಉದ್ದಕ್ಕೂ, ಅನಂತರ ನಡೆಯುವಾಗಲೂ ಇರುತ್ತದೆ.

ನೋವು ಬರುವುದೇಕೆ?

ಮೂಳೆಯು ಕಲ್ಲಿನಂತೆ ನಿರ್ಜೀವವಾದುದಲ್ಲ. ಓಡುವಾಗ ಪ್ರತಿ ಹೆಜ್ಜೆಯ ಭಾರಕ್ಕೂ ಅದು ಅತಿ ಸೂಕ್ಷ್ಮವಾಗಿ ಸವೆಯುತ್ತದೆ. ವಿಶ್ರಾಂತಿಯ ಕಾಲದಲ್ಲಿ ತನ್ನನ್ನು ತಾನೇ ಸರಿಪಡಿಸಿಕೊಂಡು ಮೊದಲಿಗಿಂತ ಬಲವಾಗುತ್ತದೆ. ಸವೆತ ಹೆಚ್ಚಾಗಿ ವಿಶ್ರಾಂತಿ ಕಡಿಮೆಯಾದಾಗ ಮೂಳೆಯೂ ಅದರ ಮೇಲಿನ ಪೊರೆಯೂ ನೋಯುತ್ತವೆ. ಹೊಸದಾಗಿ ನೊಗಕ್ಕೆ ಕಟ್ಟಿದ ಹೋರಿಯಿಂದ ಮೊದಲ ದಿನವೇ ಇಡೀ ಹೊಲವನ್ನು ಉಳಿಸುವ ರೈತನಿಲ್ಲ. ಕಾಲಿನ ವಿಷಯದಲ್ಲಿಯೂ ಅದೇ ವಿವೇಕ ಬೇಕು.

ಸವೆದ ಬೂಟು, ಚಪ್ಪಟೆ ಪಾದ, ದುರ್ಬಲವಾದ ಮೀನಖಂಡ, ಹಿಂದೊಮ್ಮೆ ಇದೇ ನೋವು ಬಂದಿರುವುದು – ಇವುಗಳಿಂದಲೂ ಅಪಾಯ ಹೆಚ್ಚುತ್ತದೆ. ಸೇನೆಗೆ ಹೊಸದಾಗಿ ಸೇರಿ ತರಬೇತಿ ಪಡೆಯುವವರಲ್ಲಿ ಇದು ಸಾಮಾನ್ಯ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಬಾರದಂತೆ ತಡೆಯುವುದು ಹೇಗೆ?

1. ಪರೀಕ್ಷೆಗೆ ನಾಲ್ಕಾರು ತಿಂಗಳು ಮೊದಲೇ ಅಭ್ಯಾಸ ಆರಂಭಿಸಬೇಕು. ಮೊದಲು ಚುರುಕಾದ ನಡಿಗೆ, ಬಳಿಕ ನಡಿಗೆಯ ನಡುನಡುವೆ ಓಟ, ಕೊನೆಗೆ ಪೂರ್ಣ ಓಟ.

2. ದೂರವನ್ನೂ ವೇಗವನ್ನೂ ಒಂದೇ ವಾರದಲ್ಲಿ ಹೆಚ್ಚಿಸಬಾರದು. ವಾರದಲ್ಲಿ ಒಂದೆರಡು ದಿನವಾದರೂ ಓಟಕ್ಕೆ ಬಿಡುವು ಕೊಡಬೇಕು.

3. ಇಳಿಜಾರಾದ ರಸ್ತೆಯ ಅಂಚಿಗಿಂತ ಶಾಲೆಯ ಆಟದ ಬಯಲಿನಂಥ ಸಮತಟ್ಟಾದ ನೆಲ ಮೇಲು. ದೊಡ್ಡ ಹೆಜ್ಜೆ ಎಸೆಯುವುದಕ್ಕಿಂತ ಚಿಕ್ಕ ಹೆಜ್ಜೆಗಳನ್ನು ಬೇಗಬೇಗನೆ ಇಟ್ಟರೆ ಮೂಳೆಯ ಮೇಲಿನ ಪೆಟ್ಟು ಕಡಿಮೆ.

4. ಬೂಟು ಪಾದಕ್ಕೆ ಸರಿಹೊಂದಬೇಕು. ಬೆಲೆಬಾಳುವ ಬೂಟೇ ಆಗಬೇಕೆಂದಿಲ್ಲ. ಅಟ್ಟೆ ಸವೆದ ಹಳೆಯ ಬೂಟು ಬೇಡ. ಬರಿಗಾಲಿನ ರೂಢಿಯಿಲ್ಲದವರು ಏಕಾಏಕಿ ಬರಿಗಾಲಿನಲ್ಲಿ ಓಡಬಾರದು.

5. ಗೋಡೆ ಹಿಡಿದು ನಿಂತು, ಹಿಮ್ಮಡಿಗಳನ್ನು ಮೇಲೆತ್ತಿ ನಿಧಾನವಾಗಿ ಇಳಿಸಬೇಕು. ದಿನವೂ 10ರಿಂದ 15 ಸಲದಂತೆ ಎರಡು ಮೂರು ಆವರ್ತಿ ಮಾಡಿದರೆ ಮೀನಖಂಡ ಬಲಗೊಳ್ಳುತ್ತದೆ.

ಊಟ ಮತ್ತು ನಿದ್ರೆ

ಖಾಲಿ ಹೊಟ್ಟೆಯ ಮೇಲೆ ಓಡಿ, ಅರೆಹೊಟ್ಟೆ ಉಂಡು, ಹೊಲದಲ್ಲಿ ದುಡಿಯುವ ದೇಹಕ್ಕೆ ಮೂಳೆಯನ್ನು ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ. ರಾಗಿಮುದ್ದೆ, ಬೇಳೆಕಾಳು, ಸೊಪ್ಪು, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ದೊರೆಯಲಿ. ರಾತ್ರಿ ಸಾಕಷ್ಟು ನಿದ್ರೆಯೂ ಇರಲಿ. ಬೀಡಿ ಸಿಗರೇಟು ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತವೆ.

ಮಗನಿಗೆ ಬಡಿಸಿದಷ್ಟನ್ನೇ ಮಗಳಿಗೂ ಬಡಿಸಿರಿ. ಓಡುವ ಹುಡುಗಿಗೆ ಊಟ ಸಾಲದಾದರೆ ಮುಟ್ಟು ಏರುಪೇರಾಗಬಹುದು ಇಲ್ಲವೆ ನಿಂತೇಹೋಗಬಹುದು. ಅಂಥವರ ಮೂಳೆ ಬೇಗ ಬಿರುಕು ಬಿಡುತ್ತದೆ. ತಾಯಂದಿರು ಸಂಕೋಚವಿಲ್ಲದೆ ಈ ವಿಷಯವನ್ನು ಮಗಳಲ್ಲಿ ವಿಚಾರಿಸಬೇಕು. ಮೂರು ತಿಂಗಳು ಮುಟ್ಟು ಕಾಣದಿದ್ದರೆ ವೈದ್ಯರಿಗೆ ತೋರಿಸಬೇಕು. ವಿವಾಹಿತೆಯಾದರೆ, ಒಂದು ಸಲ ಮುಟ್ಟು ತಪ್ಪಿದೊಡನೆಯೇ ಗರ್ಭ ನಿಂತಿದೆಯೇ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕು.

ನೋವು ಬಂದಾಗ ಮಾಡಬೇಕಾದುದೇನು?

ಮೊದಲನೆಯದಾಗಿ ಓಟ, ಜಿಗಿತಗಳನ್ನು ನಿಲ್ಲಿಸಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ 15 ನಿಮಿಷ ನೋವಿರುವೆಡೆ ಇಟ್ಟರೆ ಹಿತವೆನಿಸುತ್ತದೆ. ಚರ್ಮಕ್ಕೆ ನೇರವಾಗಿ ಇಡಬಾರದು. ಮಂಜುಗಡ್ಡೆ ಸಿಗದಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಾದೀತು. ನೋವಾಗದಿದ್ದಲ್ಲಿ ಸೈಕಲ್ ತುಳಿಯುವುದರಿಂದ ದಮ್ಮು ಕಾಯ್ದುಕೊಳ್ಳಬಹುದು.

ಗುಣವಾಗಲು ಎರಡು ವಾರದಿಂದ ಆರು ವಾರ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಅರ್ಧ ಗಂಟೆ ಬಿರುಸಾಗಿ ನಡೆದರೂ ನೋಯುವುದಿಲ್ಲ, ಒತ್ತಿದರೂ ನೋಯುವುದಿಲ್ಲ ಎಂದಾದ ಮೇಲೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬ ಕ್ರಮದಲ್ಲಿ ಪುನಃ ಆರಂಭಿಸಬಹುದು. ನೋವು ಮರಳಿದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು.

ಮಾಡಬಾರದವು

ನೋವಿನ ಮಾತ್ರೆ ನುಂಗಿ ಓಡುವುದು ಬಹಳ ಅಪಾಯಕರ. ನೋವು ಅಡಗುತ್ತದೆ, ಪೆಟ್ಟು ಹೆಚ್ಚುತ್ತದೆ. ನೋಯುವ ಮೂಳೆಯನ್ನು ಬಲವಾಗಿ ತಿಕ್ಕಿಸುವುದು, ಬರೆ ಹಾಕಿಸುವುದು, ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿಸುವುದು ಬೇಡ. ಬಿಗಿಯಾದ ಕಟ್ಟಿನಿಂದ ರಕ್ತಸಂಚಾರ ನಿಂತು ಕಾಲನ್ನೇ ಕಳೆದುಕೊಂಡವರಿದ್ದಾರೆ.

ವೈದ್ಯರ ಬಳಿಗೆ ಯಾವಾಗ?

ಬೆರಳ ತುದಿಯಷ್ಟು ಒಂದೇ ಜಾಗದಲ್ಲಿ ತೀವ್ರ ನೋವು, ಮಲಗಿದಾಗಲೂ ನೋವು, ಒಂಟಿಗಾಲಿನಲ್ಲಿ ಕುಪ್ಪಳಿಸಲಾಗದಷ್ಟು ನೋವು – ಇವು ಮೂಳೆ ಬಿರುಕು ಬಿಟ್ಟಿರಬಹುದಾದ ಸೂಚನೆಗಳು. ಕಾಲಿನ ಮೇಲೆ ಭಾರ ಹಾಕದೆ ಆಸ್ಪತ್ರೆಗೆ ಹೋಗಬೇಕು. ಮೊದಲ ಎರಡು ಮೂರು ವಾರಗಳಲ್ಲಿ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ಚಿತ್ರ ಚೆನ್ನಾಗಿದೆಯೆಂದು ಮಾರನೆಯ ದಿನವೇ ಓಡಬಾರದು. ವೈದ್ಯರು ಹೇಳಿದ ದಿನ ಮತ್ತೆ ತೋರಿಸಬೇಕು. ಓಡುವಾಗ ಪಾದ ಮರಗಟ್ಟುವುದು, ಕಾಲು ಕೆಂಪಾಗಿ ಬಾತು ಬಿಸಿಯಾಗುವುದು, ಜ್ವರ ಬರುವುದು – ಇವುಗಳಿಗೂ ತಡಮಾಡದೆ ಚಿಕಿತ್ಸೆ ಬೇಕು.

ದಂಪತಿಗಳೇ, ನೆನಪಿಡಿರಿ

ಮನೆಯವರ ನಿರೀಕ್ಷೆಗೆ ಅಂಜಿ ಮಕ್ಕಳು ನೋವನ್ನು ಮುಚ್ಚಿಡುವುದುಂಟು. ಅವರು ಕುಂಟುವುದನ್ನು ಕಂಡರೆ ಗದರಿಸದೆ ವಿಚಾರಿಸಿರಿ. ವಿಶ್ರಾಂತಿ ಪಡೆಯುವವರನ್ನು ಸೋಮಾರಿಗಳೆಂದು ಹಳಿಯಬೇಡಿರಿ. ಆ ದಿನಗಳಲ್ಲಿ ಹೊರೆ ಹೊರುವ ಕೆಲಸವನ್ನೂ ಹೇಳಬೇಡಿರಿ. ಮೂರು ವಾರ ನಿಂತವರು ಮತ್ತೆ ಓಡಬಲ್ಲರು. ನಿಲ್ಲಲೊಲ್ಲದೆ ಮೂಳೆ ಮುರಿದುಕೊಂಡವರು ತಿಂಗಳುಗಟ್ಟಲೆ ಕೂರಬೇಕಾಗುತ್ತದೆ. ನೇಮಕಾತಿಗೆ ಇನ್ನೊಂದು ಅವಕಾಶ ಬಂದೀತು. ಕಾಲುಗಳು ಬದುಕಿನುದ್ದಕ್ಕೂ ಬೇಕು.